ಪಿನ್ ಹಾಕಿ ಆಯ್ತಾ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬಜಪೆಯಿಂದ ಎದ್ದ ನೇತ್ರಾವತಿ ಏರ್ ವರ್ಕ್ಸ್ ಕಂಪೆನಿಯ ನಾಲ್ಕು ಸೀಟಿನ ವಿಮಾನ ಏಳು ಹದಿನಾಲ್ಕಕ್ಕೆ ಕೆಂಜಾರಿನ ಕೊಯ್ದ ಗದ್ದೆಯಲ್ಲಿ ಬಿದ್ದಿತು. ಒಳಗೆ ಇಬ್ಬರಿದ್ದರು. ಪೈಲಟ್ ಭರೂಚಾರ ತೊಡೆಯ ಮೂಳೆ ಮುರಿಯಿತು. ಸರ್ವೆಗಾಗಿ ಮೇಲಿನಿಂದ ಸಮುದ್ರದಂಡೆಯ ಫೋಟೋ ತೆಗೆಯಲು ಹೋಗಿದ್ದ ಚಾರ್ಲ್ಸ್ ಎಂಬವನ ಬೆನ್ನಿಗೆ ಪೆಟ್ಟಾಯಿತು. ವಿಮಾನದ ಮೂತಿಯನ್ನು ಏರಿಸಿ ಇಳಿಸುವುದು ಬಾಲದಲ್ಲಿರುವ ಎಲಿವೇಟರ್. ಅದಕ್ಕೆ ಹೋಗುವ ಸರಳನ್ನು ಹಿಡಿದಿರಬೇಕಾದ ಬೋಲ್ಟು ಜಾಗದಲ್ಲಿರಲಿಲ್ಲ. ನಟ್ಟು ಕಳಚದಂತೆ ತೂತಿನಲ್ಲಿ ಹಾಯಿಸಿ ಕಾಲು ಮಡಿಸುವ ಸಣ್ಣ ಪಿನ್ನು ಅಲ್ಲಿದ್ದ ಗುರುತೇ ಇರಲಿಲ್ಲ. ಹಿಂದಿನ ಸಂಜೆ ಆ ಕೆಲಸ ಮಾಡಿದವನು ಮೆಕ್ಯಾನಿಕ್ ಹಾಶಿಂ. ನೋಡಿದ್ದೇನೆ, ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿದವನು ಎಂಜಿನಿಯರ್ ಸೆವರಿನ್ ರೇಗೊ.

ವಿಚಾರಣೆ ಶುಕ್ರವಾರ ಹನ್ನೊಂದು ಗಂಟೆಗೆ ಎಂದು ಸೆವರಿನನಿಗೆ ಚೀಟಿ ಬಂದಿತ್ತು. ದಿನವೂ ಎಂಟಕ್ಕೆ ಉರ್ವದ ಮಾರ್ಕೆಟಿನ ಎದುರು ಬಂದು ನಿಲ್ಲುವ ಕಂಪೆನಿಯ ಜೀಪು ಅಂದು ಎಂಟೂಕಾಲಾದರೂ ಬರಲಿಲ್ಲ. ಕೆಟ್ಟಿರಬಹುದು. ಅಥವಾ ತನ್ನನ್ನು ಕರೆದುಕೊಂಡು ಬರಬೇಡವೆಂದು ಮ್ಯಾನೇಜರ್ ಡ್ರೈವರಿಗೆ ಹೇಳಿರಬಹುದು. ಎರಡನೆಯದೇ ಸರಿ ಎಂದು ಸೆವರಿನನಿಗೆ ಅನಿಸಿತು. ಅನಿಸಿದ ಕೂಡಲೇ, ನಿನ್ನೆ ಸಂಜೆ ಡ್ರೈವರ್ ತನ್ನನ್ನು ಇಳಿಸುವಾಗ ‘ನಾಳೆ ಬರ್ತೇನೆ’ ಎಂದು ಹೇಳಿರಲಿಲ್ಲ ಎಂಬುದೂ ನೆನಪಾಯಿತು. ಯಾವ ದಿನವೂ ಆತ ಹಾಗೆ ಹೇಳಿದವನಲ್ಲ ಎಂಬುದು ನೆನಪಾದದ್ದು ಬಸ್ಸು ಹತ್ತಿ ಕುಳಿತ ಮೇಲೆ. ಮನೆಯಿಂದ ಹೊರಡುವಾಗ ಹೆಂಡತಿ ಐರಿನ್ ಆಸ್ಪತ್ರೆಯ ಡ್ಯೂಟಿಗೆ ಹೋಗಲು ಬಿಳಿ ಸೀರೆಯ ನೆರಿಗೆ ಹಿಡಿಯುತ್ತಿದ್ದಳು. ಚಾರ್ಲ್ಸ್ ಮಲಗಿರುವುದು ಅವಳ ವಾರ್ಡಿನಲ್ಲಿಯೇ. ಕಾಲಿಗೆ ಸೂಜಿ ಚುಚ್ಚಿದರೂ ಅವನಿಗೆ ಗೊತ್ತಾಗುವುದಿಲ್ಲ ಎಂದು ಅವಳು ಮೂರು ದಿನದಿಂದ ಪ್ರತಿ ಸಂಜೆ, ಬೇರೇನೂ ಹೇಳದೆ, ಅದೊಂದನ್ನೇ ಹೇಳುತ್ತಿದ್ದಳು. ಇಂದು ಬೆಳಿಗ್ಗೆ ಮಾತ್ರ, “ಅವನ ತಾಯಿ ನನ್ನ ಕೈ ಹಿಡ್ಕೊಂಡು ಕೇಳಿದ್ರು,” ಎಂದಳು. “ನಿನ್ನ ಗಂಡ ಅಲ್ಲೇ ಕೆಲ್ಸ ಅಲ್ವಾ ಮಗಳೇ, ಎಂತ ಆದದ್ದು ಹೇಳು ಅಂತ. ನಾನು ಎಂತ ಹೇಳ್ಬೇಕು?”

“ಯಾಂತ್ರಿಕ ದೋಷ ಅಂತ ಹೇಳು. ಪೇಪರಲ್ಲಿ ಹಾಗೇ ಬಂದಿದೆಯಲ್ಲ.”

“ಪೇಪರು ನಾನೂ ಓದಿದ್ದೇನೆ. ಯಂತ್ರ ತನ್ನಷ್ಟಕ್ಕೆ ದೋಷ ಮಾಡ್ತದಾ?”

ಆ ಪ್ರಶ್ನೆ ಚಾರ್ಲ್ಸನ ತಾಯಿಯದೋ, ಐರಿನಳದೋ? ಹದಿಮೂರು ವರ್ಷ ಜೊತೆಗಿದ್ದವಳು ತನ್ನ ಪ್ರಶ್ನೆಯನ್ನು ಇನ್ನೊಬ್ಬರ ಬಾಯಿಗೆ ಹಾಕಿ ಕೇಳುವಷ್ಟು ದೂರ ಹೋಗಿದ್ದಾಳೆಯೇ? ಅವನು ಶೂ ಕಟ್ಟಿಕೊಂಡ. ಭರೂಚಾರ ಮಂಚವೂ ಅದೇ ಆಸ್ಪತ್ರೆಯಲ್ಲಿದೆ. ಮೂತಿ ಏಳದೇ ಹೋದಾಗ ಎಂಜಿನ್ನಿನ ವೇಗವನ್ನೇ ಹೆಚ್ಚು ಕಡಿಮೆ ಮಾಡಿ ವಿಮಾನವನ್ನು ಗದ್ದೆಯವರೆಗೆ ತಂದ ಮನುಷ್ಯ, ಮಲಗಿದಲ್ಲಿಂದ ದಾದಿಯರ ಹತ್ತಿರ ಏನೇನು ಹೇಳಿದ್ದಾರೋ.

ಬಸ್ಸು ಕಾವೂರು ದಾಟಿತು. ಹೆಂಗಸರ ಸೀಟಿನಲ್ಲಿ ಮೀನಿನ ಬುಟ್ಟಿ ಇಟ್ಟಿದ್ದಕ್ಕೆ ಜಗಳವಾಗುತ್ತಿತ್ತು. ವಿಚಾರಣೆಯಲ್ಲಿ ಹೇಳಬೇಕಾದ ಆ ಮಾತನ್ನು ಸೆವರಿನ್ ಮತ್ತೆ ಒಳಗೆ ಆಡಿ ನೋಡಿದ. ಪಿನ್ ಹಾಕಿ ಆಯ್ತಾ. ಇನ್ನೊಮ್ಮೆ. ಪಿನ್ ಹಾಕಿ, ಆಯ್ತಾ. ಸೋಮವಾರ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ, ವಿಮಾನದ ಬಾಲದ ಬಳಿ ಬಗ್ಗಿದ್ದ ಹಾಶಿಂನ ಬೆನ್ನಿಗೆ ಅವನು ಹೇಳಿದ್ದು ಈ ಮೂರೇ ಶಬ್ದ. ಹಾಶಿಂ ತಿರುಗದೆ, “ಆಯ್ತು ಸರ್” ಎಂದಿದ್ದ. ಹಾಕಿ ಮುಗಿಯಿತೇ ಎಂದು ತಾನು ಕೇಳಿದ್ದೆ, ಮುಗಿಯಿತು ಎಂದು ಅವನು ಹೇಳಿದ. ಮಂಗಳವಾರ ಇಡೀ ದಿನ ಸೆವರಿನ್ ಇದನ್ನು ನಂಬಿದ್ದ. ಬುಧವಾರ ಬೆಳಿಗ್ಗೆ ಮುಖಕ್ಕೆ ಸಾಬೂನು ಹಚ್ಚುತ್ತಿದ್ದಾಗ ಅದೇ ಮಾತು ಇನ್ನೊಂದು ರೀತಿ ಕೇಳಿಸಿತು. ಹಾಕಿ ಎಂದು ನಿಲ್ಲಿಸಿ ಆಯ್ತಾ ಎಂದರೆ, ಅದು ಕೇಳುವುದಲ್ಲ, ಕೆಲಸ ಹೇಳುವುದು. ಪಿನ್ನು ಹಾಕಿರಿ, ತಿಳಿಯಿತಾ. ಅದಕ್ಕೂ ಉತ್ತರ ಅದೇ. ಆಯ್ತು ಸರ್. ಹಾಕುತ್ತೇನೆ. ನಡುವೆ ತಾನು ಉಸಿರು ನಿಲ್ಲಿಸಿದ್ದೆನೋ ಇಲ್ಲವೋ? ಬುಧವಾರದಿಂದ ಎಷ್ಟು ಸಲ ಆಡಿ ನೋಡಿದ್ದನೆಂದರೆ, ಸೋಮವಾರದ ನಿಜವಾದ ದನಿ ಈ ನೂರು ದನಿಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು.

ತುಳುವಿನಲ್ಲಿ ಆಗಿದ್ದರೆ ಈ ತೊಡಕೇ ಇರಲಿಲ್ಲ. ಮುಗಿದ ಕೆಲಸಕ್ಕೆ ‘ಆಂಡ್’, ಆಗಲಿ ಎನ್ನುವುದಕ್ಕೆ ‘ಆವು’. ಆರು ವರ್ಷ ಅವರಿಬ್ಬರೂ ತುಳುವಿನಲ್ಲಿಯೇ ಮಾತಾಡಿದ್ದರು. ಇವನ ಮನೆಯ ಕೊಂಕಣಿ ಅವನಿಗೆ ಬಾರದು, ಅವನ ಬ್ಯಾರಿ ಭಾಷೆ ಇವನಿಗೆ ಬಾರದು. ಹ್ಯಾಂಗರಿನಲ್ಲಿ ಒಬ್ಬ, ಊರಿನ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ, ‘ಪೊರ್ಬುಲೆ’ ಎಂದು ಕರೆದರೆ ಇನ್ನೊಬ್ಬ ‘ದಾನೆ ಬ್ಯಾರಿ’, ಏನು ಬ್ಯಾರಿ, ಎಂದು ಓಗೊಡುತ್ತಿದ್ದ. ಎಂಜಿನ್ ಬಿಚ್ಚುವುದನ್ನು, ಸ್ಪ್ಯಾನರ್ ಹಿಡಿದ ಕೈಗೆ ಬಿಗಿತ ಎಷ್ಟೆಂದು ಗೊತ್ತಾಗುವುದನ್ನು ಸೆವರಿನ್ ಅವನಿಗೆ ಕಲಿಸಿದ್ದೂ ತುಳುವಿನಲ್ಲಿಯೇ. ಜನವರಿಯ ಕೊನೆಯ ವಾರ, ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಕಾಣದಾದ ದಿನ ಅದು ಮುಗಿಯಿತು. ಸಂಜೆ ಎಲ್ಲರೂ ಹೊರಡುವ ಹೊತ್ತು. ಹಾಶಿಂನ ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಿಚ್ಚು ಎಂದು ಹೇಳುವಾಗ ಸೆವರಿನನಿಗೆ ಅವನ ಮೇಲೆ ಅಂಥ ಸಂಶಯವಿರಲಿಲ್ಲ, ಯಾರೋ ಒಬ್ಬನಿಂದ ಶುರುವಾಗಬೇಕಿತ್ತು, ಅಷ್ಟೆ. ಹೀಗೆಂದು ಅವನು ಆಮೇಲೆ ತನಗೆ ತಾನೇ ಹೇಳಿಕೊಂಡ. ಆದರೆ ಅಲ್ಲಿ ಒಂಬತ್ತು ಜನರಿದ್ದರು, ಹಾಶಿಂನಿಂದಲೇ ಏಕೆ ಶುರುವಾಯಿತು? ಬೆಂಚಿನ ಮೇಲೆ ಗಂಟು ಬಿಚ್ಚಿದಾಗ ಒಳಗಿದ್ದದ್ದು ನಾಲ್ಕು ಖರ್ಜೂರ ಮತ್ತು ಒಂದು ಬಾಟಲಿ ನೀರು. ರಂಜಾನಿನ ಉಪವಾಸ, ಬಸ್ಸಿನಲ್ಲಿರುವಾಗಲೇ ಬಿಡುವ ಹೊತ್ತಾಗುತ್ತದೆಂದು ತಂದದ್ದು. ಹಾಶಿಂ ಖರ್ಜೂರಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬಟ್ಟೆಯಲ್ಲಿಟ್ಟು ಕಟ್ಟಿ, “ಇನ್ನು ಹೋಗಬಹುದಾ ಸರ್?” ಎಂದು ಕನ್ನಡದಲ್ಲಿ ಕೇಳಿದ. ಶಾಲೆಯ ಮೇಷ್ಟರಿಗೆ, ತಾಲೂಕು ಕಚೇರಿಯ ಗುಮಾಸ್ತನಿಗೆ ಮಾತಾಡುವ ಕನ್ನಡ. ಮರುದಿನದಿಂದ ಅದೇ. ಅವನು ನೀವು ಎಂದ ಮೇಲೆ ಸೆವರಿನನೂ ನೀವು ಎನ್ನಬೇಕಾಯಿತು. ನೀನು ಎಂದರೆ ಜಗಳಕ್ಕೆ ಕರೆದಂತೆ ಆಗುತ್ತಿತ್ತು. ಹಾಕು ಎಂಬಲ್ಲಿ ಹಾಕಿ ಬಂದದ್ದು ಹಾಗೆ. ‘ಪಿನ್ ಹಾಕು, ಆಯ್ತಾ’ ಎಂದಿದ್ದರೆ ಅದಕ್ಕೆ ಒಂದೇ ಅರ್ಥ.

ಮೈಕ್ರೋಮೀಟರ್ ಮೂರನೆಯ ದಿನ ಸಿಕ್ಕಿತು, ಸೆವರಿನನ ಮೇಜಿನ ಡ್ರಾವರಿನಲ್ಲಿ, ಹಳೆಯ ಕಾಗದಗಳ ಕೆಳಗೆ. ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿ ಕೊಂಡೊಯ್ದು, ಯಾರೂ ಇಲ್ಲದಾಗ ರ್‍ಯಾಕಿನ ಮೂಲೆಯಲ್ಲಿಟ್ಟ. ಹೇಳಬೇಕು ಎಂದು ಪ್ರತಿದಿನ ಅಂದುಕೊಂಡ. ಉಪವಾಸ ಮುಗಿದು ಬರುವ ಪೆರ್ನಾಳಿನ ದಿನ ಹೇಳೋಣ ಎಂದುಕೊಂಡ. ಪ್ರತಿ ವರ್ಷ ಹಬ್ಬದ ಮಧ್ಯಾಹ್ನ ಹಾಶಿಂನ ಹೆಂಡತಿ ಸುಹರಾ ಉರ್ವಕ್ಕೆ ಕಳಿಸುತ್ತಿದ್ದ ಬಿರಿಯಾನಿಯ ಪಾತ್ರೆ ಈ ಸಲ ಬರಲಿಲ್ಲ. “ನಮ್ಮದು ತಪಸ್ಸುಕಾಲ, ಮಾಂಸ ತಿನ್ನುವುದಿಲ್ಲ ಅಂತ ಕಳಿಸ್ಲಿಲ್ಲ ಕಾಣ್ತದೆ” ಎಂದಳು ಐರಿನ್. ಗಂಟಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿದ್ದೇ ಹಾಗೆ ಹೇಳಿದಳು. ಹಬ್ಬವಾಗಿ ಎರಡು ದಿನಕ್ಕೆ ಆ ಸೋಮವಾರ.

“ಕೆಂಜಾರು! ಕೆಂಜಾರು! ವಿಮಾನ ಇಳಿಯುವ ಸ್ಟಾಪ್!” ಕಂಡಕ್ಟರ್ ಕೂಗಿದ. ಬಸ್ಸಿನಲ್ಲಿ ನಗು ಎದ್ದಿತು.

“ಬಜಪೆಯಲ್ಲಿ ಜಾಗ ಸಾಕಾಗ್ಲಿಲ್ಲವಾ ಮಾರಾಯ ಅದಕ್ಕೆ?” ಹಿಂದಿನಿಂದ ಒಬ್ಬ ಕೇಳಿದ.

“ಟಿಕೆಟು ಕೆಂಜಾರಿನವರೆಗೆ ಮಾತ್ರ ತೆಗ್ದದ್ದಂತೆ!” ಎಂದ ಕಂಡಕ್ಟರ್. ಸೆವರಿನನ ಖಾಕಿ ಅಂಗಿಯ ಜೇಬಿನ ಮೇಲಿದ್ದ ಕಂಪೆನಿಯ ಅಕ್ಷರಗಳನ್ನು ಆಗ ಕಂಡು ಮುಖ ತಿರುಗಿಸಿದ. ಮೀನಿನ ಬುಟ್ಟಿಯ ಹೆಂಗಸು ಮಾತ್ರ ಕಿಟಕಿಯಿಂದ ಕೈ ತೋರಿಸಿ, ಗದ್ದೆಯಲ್ಲಿ ಎಳೆದ ಗೆರೆ ಇನ್ನೂ ಉಂಟು ನೋಡಿ ಎಂದು ಯಾರಿಗೋ ಹೇಳುತ್ತಿದ್ದಳು. ಸೆವರಿನ್ ನೋಡಲಿಲ್ಲ. ನೋಡದಿರುವುದು ತನಗೆ ಅಭ್ಯಾಸವಾಗಿಬಿಟ್ಟಿದೆಯೇ ಎಂದು ಅನಿಸಿತು.

ಸೋಮವಾರ ನೋಡಬಹುದಿತ್ತು. ಎರಡು ಹೆಜ್ಜೆ ಮುಂದಿಟ್ಟು ಬಗ್ಗಿದರೆ ಸಾಕಿತ್ತು. ನಿಯಮ ಇರುವುದೇ ಹಾಗೆ: ಮಾಡಿದವನ ಮಾತು ಲೆಕ್ಕಕ್ಕಿಲ್ಲ, ಸಹಿ ಹಾಕುವವನು ತನ್ನ ಕಣ್ಣಿನಿಂದ ಕಾಣಬೇಕು. ಹದಿನಾರು ವರ್ಷ ಅವನು ಹಾಗೆಯೇ ಮಾಡಿದ್ದ. ಆ ಸಂಜೆ ಹಾಶಿಂನ ಬೆನ್ನು ಅಲ್ಲಿತ್ತು, ಪಕ್ಕದಲ್ಲಿ ಮುಚ್ಚಳದ ಸ್ಕ್ರೂಗಳ ಡಬ್ಬಿ ಹಿಡಿದು ಮುದುಕ ಗುರುವಪ್ಪ ನಿಂತಿದ್ದ, ಗಂಟು ಬಿಚ್ಚಿಸಿದಾಗ ನೋಡುತ್ತಿದ್ದ ಅದೇ ಗುರುವಪ್ಪ. ಅವನ ಎದುರು ಹಾಶಿಂನನ್ನು ಪಕ್ಕಕ್ಕೆ ಸರಿಯಿರಿ ಎಂದು ಹೇಳಿ ಒಳಗೆ ಇಣುಕಿದರೆ ಮತ್ತೊಮ್ಮೆ ಗಂಟು ಬಿಚ್ಚಿಸಿದ ಹಾಗೆ. ಮಾಡಬಾರದಿದ್ದಲ್ಲಿ ಮಾಡಿದ ಸಂಶಯಕ್ಕೆ ಪ್ರಾಯಶ್ಚಿತ್ತವೆಂಬಂತೆ, ಮಾಡಬೇಕಾದಲ್ಲಿ ಅವನು ಸಂಶಯ ಮಾಡಲಿಲ್ಲ. ಇವನು ಎದ್ದ ಮೇಲೆ ಮುಚ್ಚಳ ಹಾಕು ಎಂದು ಗುರುವಪ್ಪನಿಗೆ ಮೆಲ್ಲಗೆ ಹೇಳಿ ಆಫೀಸಿಗೆ ಹೋಗಿ, ಐದು ಗಂಟೆ ಐದು ನಿಮಿಷ ಎಂದು ಬರೆದು ಸಹಿ ಹಾಕಿದ. ಸಹಿ ಹಾಕುವಾಗ ಒಂದು ಬಗೆಯ ಹಗುರ ಕೂಡ ಅನಿಸಿತ್ತು. ಆ ಹಗುರವನ್ನು ಹಾಶಿಂ ಕಂಡುಹಿಡಿದಿದ್ದನೇ? ಇವನು ಈಗ ತನ್ನನ್ನು ಪರೀಕ್ಷಿಸಲಾರ, ನಾಚಿಕೆಪಡುತ್ತಾನೆ ಎಂದು ಲೆಕ್ಕ ಹಾಕಿಯೇ ಪಿನ್ನು ಬಿಟ್ಟನೇ? ಇಬ್ಬರು ಮನುಷ್ಯರ ಜೀವದ ಮೇಲೆ? ಛೆ. ಆದರೆ ನಾಲ್ಕು ಖರ್ಜೂರಗಳನ್ನು ಅವನು ಎತ್ತಿಕೊಂಡ ರೀತಿ.

ಹ್ಯಾಂಗರಿನ ಬಾಗಿಲಲ್ಲಿ ಗುರುವಪ್ಪ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಎದ್ದ. “ಜೀಪಿನ ಬ್ಯಾಟರಿ ಹೋಗಿದೆ ಪೊರ್ಬುಲೆ. ನಾನು, ಹಾಶಿಂ ಸೇರಿ ತಳ್ಳಿದೆವು, ಆಗ್ಲಿಲ್ಲ.” ಮತ್ತೆ ದನಿ ತಗ್ಗಿಸಿ, “ಮದ್ರಾಸಿನ ಸಾಹೇಬರು ನನ್ನನ್ನೂ ಕೇಳಿದ್ರು. ಮುಚ್ಚಳ ಹಾಕಿದ್ದು ನಾನೇ, ಹಾಕು ಅಂದದ್ದು ಪೊರ್ಬುಲು ಅಂದೆ. ಸುಳ್ಳು ಹೇಳ್ಲಿಕ್ಕೆ ನನಗೆ ನೆನಪಿನ ಶಕ್ತಿ ಇಲ್ಲ.”

“ಬೇರೆ ಎಂತ ಕೇಳಿದ್ರು?”

“ನಿಮಗೂ ಅವನಿಗೂ ಎಂತಾದ್ರೂ ಉಂಟಾ ಅಂತ. ಇಲ್ಲ ಅಂದೆ.” ಗುರುವಪ್ಪ ನಕ್ಕ. “ಅದೊಂದು ಸುಳ್ಳು. ಆ ಅಳತೆಯ ಸಾಮಾನು ಕರವಸ್ತ್ರದಲ್ಲಿ ನಡ್ಕೊಂಡು ಹೋದದ್ದು ನಾನು ಕಂಡದ್ದುಂಟು. ಹಾಶಿಂನಿಗೂ ಹೇಳಿದ್ದೇನೆ. ಇಲ್ಲದ್ರೆ ಪಾಪ, ನಿದ್ರೆ ಬರ್ತಿರ್ಲಿಲ್ಲ ಅವನಿಗೆ.”

ಅಂದರೆ ಮೂರು ವಾರದಿಂದ ಗೊತ್ತಿತ್ತು. ತಾನು ಹೇಳುತ್ತೇನೋ ಎಂದು ಹಾಶಿಂ ಪ್ರತಿದಿನ ಕಾದಿದ್ದಾನೆ, ಪ್ರತಿ ಸಂಜೆ ‘ಹೋಗಬಹುದಾ ಸರ್’ ಎಂದು ಕೇಳಿ ಕಾದಿದ್ದಾನೆ. ಸೆವರಿನನ ಕಿವಿ ಬಿಸಿಯಾದವು. ಅದರೊಂದಿಗೇ ಒಂದು ತಣ್ಣಗಿನ ಯೋಚನೆಯೂ ಬಂತು: ದ್ವೇಷಕ್ಕೆ ಕಾರಣ ಇದೆಯೆಂದು ಈಗ ತೋರಿಸಬಹುದು. ಹಾಗಾದರೆ ತಪ್ಪು ತನ್ನದಲ್ಲ. ಲೈಸೆನ್ಸು ಉಳಿಯುತ್ತದೆ.

ಆಫೀಸಿನಲ್ಲಿ ಮದ್ರಾಸಿನಿಂದ ಬಂದ ಅಧಿಕಾರಿ ಮೇಜಿನ ಆಚೆ ಕುಳಿತಿದ್ದರು. ತೆಳ್ಳಗಿನ ಮನುಷ್ಯ, ಇಂಗ್ಲಿಷಿನಲ್ಲಿ ಮಾತು. ಹಾಶಿಂನ ಕನ್ನಡವನ್ನು ಅವರಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಲು ಕಂಪೆನಿಯ ಟೈಪಿಸ್ಟ್ ಜೊಕಿಮ್ ಕುಳಿತಿದ್ದ. ಜೊಕಿಮ್ ಸೆವರಿನನ ಇಗರ್ಜಿಯವನೇ, ಭಾನುವಾರದ ಪೂಜೆಯಲ್ಲಿ ಎರಡು ಸಾಲು ಮುಂದೆ ಕೂರುವವನು. ಸೆವರಿನನಿಗೆ ಗೋಡೆಯ ಪಕ್ಕ ಕುರ್ಚಿ ಕೊಟ್ಟರು. ಹಾಶಿಂ ನಿಂತಿದ್ದ. ಒಗೆದು ಇಸ್ತ್ರಿ ಹಾಕಿದ ಅಂಗಿ, ಕೈಗಳು ಬೆನ್ನ ಹಿಂದೆ.

“ಸೋಮವಾರ ಸಂಜೆ ರೇಗೊ ನಿಮಗೆ ಏನು ಹೇಳಿದರು?” ಪ್ರಶ್ನೆ ಜೊಕಿಮನ ಮೂಲಕ ಕನ್ನಡವಾಗಿ ಬಂತು.

“ಪಿನ್ ಹಾಕಿ ಆಯ್ತಾ ಅಂತ ಹೇಳಿದ್ರು.” ಹಾಶಿಂ ಅದನ್ನು ಎಲ್ಲಿಯೂ ನಿಲ್ಲಿಸದೆ, ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿದ.

“ನೀವು?”

“ಆಯ್ತು ಸರ್ ಅಂದೆ.”

ಜೊಕಿಮ್ ಕಾಗದದಿಂದ ತಲೆ ಎತ್ತದೆ ಇಂಗ್ಲಿಷಿನಲ್ಲಿ ಹೇಳಿದ: ಪಿನ್ನು ಹಾಕಿದ್ದೀಯಾ ಎಂದು ಕೇಳಿದರಂತೆ, ‘ಇಟ್ ಈಸ್ ಡನ್’ ಎಂದು ಇವನು ಉತ್ತರ ಕೊಟ್ಟನಂತೆ. ಅಧಿಕಾರಿ ಬರೆದುಕೊಂಡರು. “ಆಗ ಪಿನ್ನು ಹಾಕಿತ್ತೋ?”

“ಇಲ್ಲ.” ಹಾಶಿಂ ತಡೆಯಲಿಲ್ಲ. “ಅಲ್ಲಿದ್ದದ್ದು ಬೇರೆ ಅಳತೆ. ಸ್ಟೋರಿಂದ ತರ್ಲಿಕ್ಕೆ ಹೋದೆ. ನಟ್ಟು ಕೈಯಲ್ಲಿ ತಿರುಗಿಸಿ ಬಿಟ್ಟದ್ದು, ಪಿನ್ನು ಬಂದ ಮೇಲೆ ತೂತಿಗೆ ಸರಿ ಮಾಡಿ ಬಿಗಿಯುವ ಅಂತ. ಬರುವಾಗ ಮುಚ್ಚಳ ಹಾಕಿ ಆಗಿತ್ತು. ಪಿನ್ನು ಸರ್ ಅವರೇ ಹಾಕಿದ್ರು ಅಂತ—”

“ಕೇಳಿದ್ದಕ್ಕೆ ಮಾತ್ರ ಉತ್ರ ಹೇಳು ಬ್ಯಾರಿ” ಎಂದ ಜೊಕಿಮ್. ಇಂಗ್ಲಿಷಿನಲ್ಲಿ ಒಂದೇ ಶಬ್ದ ಹೇಳಿದ: ‘ನೋ.’

ಅಧಿಕಾರಿಯ ಪೆನ್ನು ಆ ‘ನೋ’ವನ್ನು ಬರೆದು ಕೆಳಗೆ ಗೆರೆ ಎಳೆಯಿತು. ಮಾಡದ ಕೆಲಸವನ್ನು ಮಾಡಿದ್ದೇನೆಂದು ಸುಳ್ಳು ಹೇಳಿದ ಮೆಕ್ಯಾನಿಕ್. ಪೊಲೀಸ್ ಕೇಸಿಗೆ ಇನ್ನೇನೂ ಬೇಕಿರಲಿಲ್ಲ. ಕೋಣೆಯಲ್ಲಿ ಎರಡೂ ಭಾಷೆ ಬಲ್ಲವರು ಇಬ್ಬರೇ, ಒಬ್ಬ ಜೊಕಿಮ್, ಇನ್ನೊಬ್ಬ ತಾನು. ಜೊಕಿಮ್ ತನಗೆ ಉಪಕಾರ ಮಾಡಿದನೇ? ಮುಂದೆ ಯಾವತ್ತೋ ಅದಕ್ಕೆ ಪ್ರತಿಯಾಗಿ ಏನು ಕೇಳುತ್ತಾನೆ? ಅಥವಾ ಏನೂ ಯೋಚಿಸದೆ, ಬೇಗ ಮುಗಿದರೆ ಸಾಕೆಂದು, ಬಾಯಿಗೆ ಬಂದ ಮೊದಲ ಇಂಗ್ಲಿಷನ್ನು ಹೇಳಿದನೇ? ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಸುಳ್ಳು ಹೇಳಿದ ಹಾಗಲ್ಲ. ಆಗ ಹಾಶಿಂ ತಲೆ ತಿರುಗಿಸಿ ಅವನನ್ನು ನೋಡಿದ. ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬರೇ ನೋಟ. ಆರು ವರ್ಷ ಎಂಜಿನ್ನಿನ ಇಂಗ್ಲಿಷ್ ಪುಸ್ತಕದ ಸಾಲುಗಳ ಕೆಳಗೆ ಬೆರಳು ಇಟ್ಟು ಓದಿದವನಿಗೆ ‘ಡನ್’ ಎಂಬ ಶಬ್ದ ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಸುಮ್ಮನಿದ್ದಾನೆ. ಈ ಸಲ ಗಂಟು ಬಿಚ್ಚಬೇಕಾದವನು ತಾನು, ಅವನು ನೋಡುತ್ತಿದ್ದಾನೆ. ತಾನು ಸುಮ್ಮನೆ ಕುಳಿತು ಹೇಳಿಕೆಗೆ ಸಹಿ ಹಾಕಿದ ಮೇಲೆ ಅವನು ಬಾಯಿ ತೆರೆದು ಎಲ್ಲವನ್ನೂ, ಸ್ಟೋರು, ಮುಚ್ಚಳ, ಮೈಕ್ರೋಮೀಟರ್, ಎಲ್ಲವನ್ನೂ ಹೇಳುತ್ತಾನೆ. ಇದು ಬಲೆ.

“ಮಿಸ್ಟರ್ ರೇಗೊ, ಈ ಹೇಳಿಕೆಯಲ್ಲಿ ನೀವು ಒಪ್ಪದ್ದು ಏನಾದರೂ ಇದೆಯೇ?” ಅಧಿಕಾರಿ ಕೇಳಿದರು.

“ಆ ಮಾತಿಗೆ ಎರಡು ಅರ್ಥ ಇದೆ ಸರ್” ಎಂದ ಸೆವರಿನ್ ಇಂಗ್ಲಿಷಿನಲ್ಲಿ. ದನಿ ತನ್ನದಲ್ಲ ಅನಿಸಿತು. ಆಯ್ತು ಎಂದರೆ ಮುಗಿಯಿತು ಎಂದೂ ಆಗುತ್ತದೆ, ಆಗಲಿ ಎಂದೂ ಆಗುತ್ತದೆ ಎಂದು ವಿವರಿಸಿದ. ಪಿನ್ನು ತರಲು ಹೋಗಿದ್ದೆನೆಂದು ಇವನು ಈಗ ಹೇಳಿದ, ಅದನ್ನು ಇಂಗ್ಲಿಷಿನಲ್ಲಿ ನಿಮಗೆ ಹೇಳಲಿಲ್ಲ ಎಂದ. ಜೊಕಿಮನ ಕತ್ತು ಕೆಂಪಾಯಿತು.

“ಇವನು ಯಾವ ಅರ್ಥದಲ್ಲಿ ಹೇಳಿದ?”

“ನನಗೆ ಗೊತ್ತಿಲ್ಲ.”

“ನೀವು ಯಾವ ಅರ್ಥದಲ್ಲಿ ಕೇಳಿದಿರಿ?”

“ಅದೂ ಈಗ ಗೊತ್ತಿಲ್ಲ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಿದಿರೋ ಇಲ್ಲವೋ, ಅದಾದರೂ ಗೊತ್ತಿರಬೇಕಲ್ಲ? ನೋಡುವುದಕ್ಕೆ ನಿಮ್ಮ ಊರಿನಲ್ಲಿ ಎರಡು ಅರ್ಥ ಇಲ್ಲವಷ್ಟೆ?”

“ಇಲ್ಲ ಸರ್. ನೋಡಲಿಲ್ಲ.”

ಹನ್ನೆರಡೂಕಾಲಿಗೆ ಮುಗಿಯಿತು. ನಲ್ಲಿಯ ಬಳಿ ಹಾಶಿಂ ಕೈಕಾಲು ತೊಳೆಯುತ್ತಿದ್ದ. ಶುಕ್ರವಾರದ ಜುಮಾ ನಮಾಜಿಗೆ ಬಜಪೆ ಪೇಟೆಯವರೆಗೆ ನಡೆಯಬೇಕಿತ್ತು. ಸೆವರಿನ್ ಹತ್ತಿರ ಹೋಗಿ, “ಬ್ಯಾರಿ, ಒಂಜಿ ನಿಮಿಷ” ಎಂದ.

ಹಾಶಿಂ ನಲ್ಲಿ ತಿರುಗಿಸಿ ನಿಲ್ಲಿಸಿದ. “ಎಂತ ಸರ್?”

ಸೆವರಿನನೂ ತುಳು ಬಿಟ್ಟು ಕನ್ನಡಕ್ಕೆ ಬಂದ. “ಮೈಕ್ರೋಮೀಟರ್ ನನ್ನ ಡ್ರಾವರಲ್ಲೇ ಇತ್ತು.”

“ಗೊತ್ತುಂಟು.”

“ಹೇಳ್ಬೇಕಿತ್ತು ನಾನು.”

“ಹೌದು.” ಹಾಶಿಂ ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡ. “ಒಳಗೆ ಇಂಗ್ಲಿಷಲ್ಲಿ ನೀವು ಅಷ್ಟುದ್ದ ಎಂತ ಹೇಳಿದ್ದು? ಜೊಕಿಮ್ ಮೊದ್ಲು ಹೇಳಿದ್ದೂ ನನಗೆ ಸರಿ ಹಿಡೀಲಿಲ್ಲ. ಪುಸ್ತಕದಲ್ಲಾದ್ರೆ ಓದ್ತೇನೆ. ಬಾಯಲ್ಲಿ ಹೇಳಿದ್ರೆ ಆಗುವುದಿಲ್ಲ.”

ಸೆವರಿನ್ ಅವನ ಮುಖವನ್ನೇ ನೋಡಿದ. ನಿಜ ಹೇಳುತ್ತಿದ್ದಾನೆಯೇ ಎಂದು ಹುಡುಕಿದ. ಹುಡುಕುತ್ತಿರುವುದು ತನಗೇ ತಿಳಿದು ಕಣ್ಣು ಕೆಳಗಿಳಿಸಿದ. “ನಾನು ನೋಡ್ಲಿಲ್ಲ ಅಂತ ಹೇಳಿದೆ” ಎಂದ.

“ನೋಡ್ಬೇಕಿತ್ತು ಸರ್” ಎಂದ ಹಾಶಿಂ. “ಮುಚ್ಚಳ ಹಾಕಿದ್ದು ಕಂಡಾಗ ನಾನೂ ಒಂದು ಮಾತು ಕೇಳ್ಬೇಕಿತ್ತು. ನಿಮ್ಮತ್ರ ಬಾಯಿ ತೆರೀಲಿಕ್ಕೆ ಮನಸ್ಸು ಬರ್ಲಿಲ್ಲ.” ಟೊಪ್ಪಿ ಇಟ್ಟುಕೊಂಡು, ಹೊತ್ತಾಯಿತೆಂದು ಹೇಳಿ, ರಸ್ತೆಯ ಬದಿ ಹಿಡಿದು ಹೋದ.

ಮಾರ್ಚ್ ಒಂಬತ್ತರಂದು ಸೆವರಿನ್ ರೇಗೊನ ಲೈಸೆನ್ಸನ್ನು ಎರಡು ವರ್ಷಕ್ಕೆ ಅಮಾನತಿನಲ್ಲಿಟ್ಟ ಆದೇಶ ಬಂತು. ಹಾಶಿಂಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ಏಪ್ರಿಲಿನಲ್ಲಿ ಕಲ್ಕತ್ತದಿಂದ ಹೊಸ ಎಂಜಿನಿಯರ್ ಬಂದ. ಅವನಿಗೆ ಕನ್ನಡವಾಗಲಿ ತುಳುವಾಗಲಿ ಬರುತ್ತಿರಲಿಲ್ಲ. ಹಾಶಿಂನನ್ನು ಏನೂ ಕೇಳದೆ, ಅವನು ಮಾಡಿದ ಪ್ರತಿಯೊಂದು ಕೆಲಸವನ್ನೂ ಬಗ್ಗಿ ನೋಡಿ ಸಹಿ ಹಾಕುತ್ತಿದ್ದ.